ವಕೀಲರು ಸಿಗೋದೇ ಇಲ್ಲ, ಕೇಸ್ ಮ್ಯಾನೇಜರ್ ಮಾತ್ರ ಫೋನ್ ಮಾಡ್ತಾರೆ. ಇದು ಸರಿನಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಿಗ್ನಲ್ ಹತ್ತಿರ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಗುದ್ದಿದರು. ಹೆಂಡತಿಗೆ ಕುತ್ತಿಗೆ ನೋವು, ಫಿಸಿಯೋಥೆರಪಿ ನಡೀತಿದೆ. ಲಾಯರ್ ಆಫೀಸಲ್ಲಿ ಸಹಿ ಹಾಕಿದ ಮೇಲೆ ಫೋನ್ ಮಾಡೋದು ಕೇಸ್ ಮ್ಯಾನೇಜರ್ ಒಬ್ಬರೇ, ಅದೂ ಟ್ರೀಟ್‌ಮೆಂಟ್ ಹೇಗಿದೆ ಅಂತ ಕೇಳೋಕೆ. ಇವರ ಕೆಲಸ ಏನು?

ಉತ್ತರ (ಕೇಸ್ ಮ್ಯಾನೇಜರ್): ಸರ್, ಅದು ಬರೀ ಕುಶಲ ವಿಚಾರಿಸೋ ಫೋನ್ ಅಲ್ಲ. ದಾವೆ ಹೂಡೋಕೆ ಮುಂಚೆ ಫೈಲ್ ಕಟ್ಟೋದೇ ಕೇಸ್ ಮ್ಯಾನೇಜರ್. ಮೊದಲಿಗೆ ಎರಡೂ ಇನ್ಶೂರೆನ್ಸ್ ಕಂಪನಿಗೆ ಲಾಯರ್ ಕೇಸ್ ವಹಿಸಿಕೊಂಡ ಪತ್ರ ಹೋಗುತ್ತೆ. ಪೊಲೀಸ್ ರಿಪೋರ್ಟ್, ಕಾರಿನ ಫೋಟೊ, ನಿಮ್ಮ ಪಾಲಿಸಿಯ ಡಿಕ್ಲರೇಶನ್ ಪುಟ (ಯಾವ ಕವರೇಜ್, ಎಷ್ಟು ಮಿತಿ ಅಂತ ಬರೆದಿರೋ ಪುಟ) ತರಿಸ್ಕೋತಾರೆ. ಆಮೇಲೆ ತಿಂಗಳುಗಟ್ಟಲೆ ಆಸ್ಪತ್ರೆ ಕಾಗದದ ಹಿಂದೆ ಬೀಳೋದು.

ಹೆಚ್ಚು ಎಡವೋದು ಇಲ್ಲೇ. ಒಂದೇ ಸಲ ಇಆರ್‌ಗೆ (ಆಸ್ಪತ್ರೆಯ ತುರ್ತು ವಿಭಾಗಕ್ಕೆ) ಹೋಗಿಬಂದರೂ ಬಿಲ್ ನಾಲ್ಕು ಕಡೆಯಿಂದ ಬರಬಹುದು: ಆಂಬುಲೆನ್ಸ್, ಆಸ್ಪತ್ರೆ, ಇಆರ್ ಡಾಕ್ಟರ್‌ಗಳ ಗ್ರೂಪ್, ಸ್ಕ್ಯಾನ್ ಓದಿದ ರೇಡಿಯಾಲಜಿ ಗ್ರೂಪ್. ರೆಕಾರ್ಡ್ ಕೊಡೋರು ಬೇರೆ, ಬಿಲ್ಲಿಂಗ್‌ನವರು ಬೇರೆ. ಬಾಕಿ ಇಷ್ಟು ಅಂತ ಬರೋ ಸ್ಟೇಟ್‌ಮೆಂಟ್ ಸಾಲದು. ದಿನಾಂಕ, ಸಿಪಿಟಿ ಕೋಡ್ (ಯಾವ ಚಿಕಿತ್ಸೆ ಅಂತ ಹೇಳೋ ಸಂಖ್ಯೆ), ಬಿಡಿಬಿಡಿಯಾಗಿ ದರ ಇರೋ ಬಿಲ್ಲೇ ಬೇಕು. ಒಂದು ತಪ್ಪಿಹೋದರೂ ಸೆಟ್ಲ್‌ಮೆಂಟ್ ಆದ ಮೇಲೆ ನಿಮ್ಮ ಜೇಬಿಂದ ಕಟ್ಟಬೇಕಾಗಬಹುದು. ಹೊಸ ಕ್ಲಿನಿಕ್‌ಗೆ ಹೋದ ದಿನವೇ ಅದರ ಹೆಸರು ಮೆಸೇಜ್ ಮಾಡಿ. ಬಾಕಿ ವಸೂಲಿಯ ಕಲೆಕ್ಷನ್ ನೋಟಿಸ್ ಬಂದರೆ ಫೋಟೊ ಕಳಿಸಿ.

ಊರಿಗೆ ಹೋಗಿದ್ವಿ ಅಂತ ಐದಾರು ವಾರ ಥೆರಪಿ ಬಿಟ್ಟರೆ, ಅಷ್ಟರಲ್ಲಿ ವಾಸಿಯಾಗಿತ್ತು ಅನ್ನೋದು ಅಡ್ಜಸ್ಟರ್ (ಕ್ಲೇಮ್ ನೋಡೋ ಇನ್ಶೂರೆನ್ಸ್ ಕಂಪನಿಯವರು) ವಾದ. ಊರಲ್ಲಿ ತೋರಿಸಿದ್ದರೆ ಆ ಚೀಟಿ, ರಸೀದಿ ಇಟ್ಕೊಳ್ಳಿ. ಇನ್ನೊಂದು, ನೋವಿದ್ದರೂ ಡಾಕ್ಟರ್ ಮುಂದೆ ಸಂಕೋಚಪಟ್ಟು "ಪರವಾಗಿಲ್ಲ" ಅಂದುಬಿಡ್ತಾರೆ ನಮ್ಮವರು. ಚಾರ್ಟ್‌ನಲ್ಲಿ ಅದೇ ದಾಖಲಾಗುತ್ತೆ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಆದ್ರೆ ಎಷ್ಟು ದುಡ್ಡು ಬರಬಹುದು ಅಂದ್ರೆ ನಮ್ಮ ಕೇಸ್ ಮ್ಯಾನೇಜರ್ ಬಾಯೇ ಬಿಡಲ್ಲ.

ಉತ್ತರ (ಕ್ಯಾಲಿಫೋರ್ನಿಯಾ ವಕೀಲ): ಬಿಡಲೂಬಾರದು. ಕೇಸಿನ ಬೆಲೆ ಎಷ್ಟು, ಆಫರ್ ಒಪ್ಪೋದಾ ಬೇಡವಾ ಅನ್ನೋದು ಕಾನೂನು ಸಲಹೆ, ಅದನ್ನ ವಕೀಲರೇ ಹೇಳಬೇಕು. ಲಿಖಿತ ಆಫರ್ ಬಂದರೆ ತಡ ಮಾಡದೆ ನಿಮಗೆ ತಿಳಿಸೋದೂ ವಕೀಲರ ಕರ್ತವ್ಯ.

ಕೇಸ್ ಮ್ಯಾನೇಜರನ್ನ ಕೇಳಬೇಕಾದ್ದು ಬೇರೆ. ಗುದ್ದಿದವರ ಪಾಲಿಸಿ ಮಿತಿ ಗೊತ್ತಾಯ್ತಾ? 2025ರ ಜನವರಿ 1ರಿಂದ ಹೊಸದಾಗಿ ಕೊಟ್ಟ ಅಥವಾ ನವೀಕರಿಸಿದ ಪಾಲಿಸಿಗೆ ಇಲ್ಲಿನ ಕನಿಷ್ಠ ಮಿತಿ ಒಬ್ಬರ ಗಾಯಕ್ಕೆ 30,000 ಡಾಲರ್. ಮುಂಚೆ 15,000 ಇತ್ತು. ಅದು ಸಾಲದಿದ್ದರೆ ನಿಮ್ಮದೇ ಪಾಲಿಸಿಯಲ್ಲಿ ಅಂಡರ್‌ಇನ್ಶೂರ್ಡ್ ಕವರೇಜ್ (ಗುದ್ದಿದವರ ಇನ್ಶೂರೆನ್ಸ್ ಸಾಲದಿದ್ದಾಗ ಬರೋದು) ಇದೆಯಾ ನೋಡಿ. ಅದು ಶುರುವಾಗೋದು ಅವರ ಮಿತಿ ಪೂರ್ತಿ ಕೈಸೇರಿದ ಮೇಲೆ.

ದಾವೆಗೆ ಸಾಮಾನ್ಯವಾಗಿ ಎರಡು ವರ್ಷ ಗಡುವು. ಗುದ್ದಿದ್ದು ವಿಟಿಎಯಂಥ ಸರ್ಕಾರಿ ಸಾರಿಗೆ ಸಂಸ್ಥೆಯ ಬಸ್ಸೋ ಸಿಟಿ ವಾಹನವೋ ಆಗಿದ್ದರೆ ಆರು ತಿಂಗಳೊಳಗೆ ಆ ಸಂಸ್ಥೆಗೇ ಲಿಖಿತ ಕ್ಲೇಮ್ ಕೊಡಬೇಕು. ಅಡ್ಜಸ್ಟರ್ ಜೊತೆ ಮಾತುಕತೆ ನಡೀತಿದೆ ಅಂತ ಗಡುವು ನಿಲ್ಲಲ್ಲ.

ಲೀನ್ ಪಟ್ಟಿಯನ್ನೂ, ಅಂದ್ರೆ ಸೆಟ್ಲ್‌ಮೆಂಟ್ ದುಡ್ಡಲ್ಲಿ ಪಾಲು ಕೇಳೋರ ಪಟ್ಟಿಯನ್ನೂ ಕೇಳಿ. ಬಿಲ್ ಕಟ್ಟಿದ ನಿಮ್ಮ ಹೆಲ್ತ್ ಇನ್ಶೂರೆನ್ಸ್ ಸೆಟ್ಲ್‌ಮೆಂಟ್‌ನಿಂದ ವಾಪಸ್ ಕೇಳಬಹುದು. ಅದನ್ನ ಚೌಕಾಶಿ ಮಾಡಿ ಇಳಿಸೋದ್ರಲ್ಲೇ ಒಳ್ಳೆ ಕೇಸ್ ಮ್ಯಾನೇಜರ್ ಯಾರು ಅಂತ ಗೊತ್ತಾಗೋದು. ದುಡ್ಡು ಮೊದಲು ಲಾಯರ್ ಟ್ರಸ್ಟ್ ಖಾತೆಗೆ (ಕಕ್ಷಿದಾರರ ದುಡ್ಡು ಬೇರೆಯಾಗಿ ಇಡೋ ಖಾತೆ) ಬೀಳುತ್ತೆ. ಫೀ, ಖರ್ಚು, ಲೀನ್ ಕಳೆದ ಲೆಕ್ಕದ ಹಾಳೆ ಸಹಿಗೆ ಬಂದಾಗ, ಫೀ ಶೇಕಡಾವಾರನ್ನ ನಿಮ್ಮ ಹತ್ತಿರ ಇರೋ ಫೀ ಒಪ್ಪಂದದ ಪ್ರತಿ ಜೊತೆ ತಾಳೆ ನೋಡಿ.