ಹಿರಿಯೂರಿನ ತೋಟದಲ್ಲಿ ಬರ್ಡ್‌ವಿಂಗ್ ಚಿಟ್ಟೆ ಕಂಡೆ, ಯಾರಿಗೆ ಹೇಳಬೇಕು?

ಬಯಲುಸೀಮೆ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ಹಿರಿಯೂರಿನ ಹತ್ತಿರ, ಮಾರಿಕಣಿವೆ ನಾಲೆ ನೀರು ಬರುವ ಕಡೆ. ಹಿಂದೆ ರಾಗಿ, ಶೇಂಗಾ ಬೆಳೆಯುತ್ತಿದ್ದ ನಮ್ಮ 2 ಎಕರೆಯಲ್ಲಿ ಈಗ ಅಡಿಕೆ ಇದೆ. ಹೋದ ಭಾನುವಾರ ಬೆಳಿಗ್ಗೆ ಡ್ರಿಪ್ ಪೈಪು ನೋಡೋಕೆ ಅಂತ ಹೋದಾಗ ಬೇಲಿಯ ಲಂಟಾನ ಹೂವಿನ ಮೇಲೆ ಏನೋ ಪಟಪಟ ಅಂತಿತ್ತು. ಮೊದಲು ಹಕ್ಕಿ ಅಂದುಕೊಂಡೆ, ಅಷ್ಟು ದೊಡ್ಡದು. ನೋಡಿದರೆ ಚಿಟ್ಟೆ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಅರಿಶಿನ ಬಳಿದ ಹಾಗೆ ಹಳದಿ. ಹೂವಿನ ಮೇಲಿದ್ದಾಗಲೂ ಮುಂದಿನ ರೆಕ್ಕೆ ಬಡಿಯೋದನ್ನು ನಿಲ್ಲಿಸಲೇ ಇಲ್ಲ.

ಫೋನಲ್ಲಿ 4 ಫೋಟೋ ತೆಗೆದೆ. 3 ಮಸುಕು, 1 ಪರವಾಗಿಲ್ಲ. ತಮ್ಮ ಗೂಗಲ್‌ನಲ್ಲಿ ಹಾಕಿ ನೋಡಿದ, ಸದರ್ನ್ ಬರ್ಡ್‌ವಿಂಗ್ ಅಂತ ತೋರಿಸಿತು. ನಮ್ಮ ರಾಜ್ಯದ ಚಿಟ್ಟೆ ಅಂತಾರಲ್ಲ, ಅದೇ. ಆದರೆ ನನ್ನ ಹತ್ತಿರ ಇರುವ ಪುಸ್ತಕದಲ್ಲಿ ಅದು ಪಶ್ಚಿಮ ಘಟ್ಟದ್ದು ಅಂತ ಬರೆದಿದೆ. ಘಟ್ಟ ಎಲ್ಲಿ, ನಮ್ಮ ಒಣಭೂಮಿ ಎಲ್ಲಿ! ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಒಬ್ಬರು "ಮಲೆನಾಡಿಗೆ ಹೋಗಿ ತೆಗೆದ ಫೋಟೋ ಇಲ್ಲಿ ಹಾಕಿ ಬಿಲ್ಡಪ್ ಕೊಡಬೇಡ" ಅಂದುಬಿಟ್ಟರು, ಬೇಜಾರಾಯಿತು.

ಇದನ್ನು ಎಲ್ಲಾದರೂ ದಾಖಲಿಸಬೇಕಾ? ಒಂದೇ ಒಂದು ಚಿಟ್ಟೆ ಕಂಡರೆ ಅದಕ್ಕೆ ಬೆಲೆ ಇದೆಯಾ? ಹಿಡಿದು ಇಟ್ಟುಕೊಳ್ಳಬೇಕಿತ್ತಾ? ಗೊತ್ತಿರುವವರು ಹೇಳಿ.

ಘಟ್ಟದಂಚು

ಹಿಡಿಯದೇ ಇದ್ದದ್ದು ಒಳ್ಳೆಯದೇ ಆಯಿತು, ಆ ಯೋಚನೆ ಬಿಟ್ಟುಬಿಡಿ. ನೀವು ಹೇಳಿದ ಬಣ್ಣ, ಗಾತ್ರ, ಹೂವಿನ ಮೇಲೂ ರೆಕ್ಕೆ ಬಡಿಯೋದು, ಎಲ್ಲ ಬರ್ಡ್‌ವಿಂಗ್‌ಗೆ ಸರಿಹೊಂದುತ್ತದೆ. ಬಯಲು ಕಡೆ ಬೇರೆ ಯಾವ ಚಿಟ್ಟೆಗೂ ಅಷ್ಟು ದೊಡ್ಡ ಹಳದಿ ಹಿಂದಿನ ರೆಕ್ಕೆ ಇಲ್ಲ. ಹೆಣ್ಣು ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 190 ಮಿಲಿಮೀಟರ್‌ವರೆಗೂ ಇರುತ್ತದೆ. 2020ರವರೆಗೆ ಭಾರತದ ಅತಿ ದೊಡ್ಡ ಚಿಟ್ಟೆ ಇದೇ ಆಗಿತ್ತು, ಆಮೇಲೆ ಉತ್ತರಾಖಂಡದಲ್ಲಿ ಅಳೆದ ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ಬಂದು ಆ ಪಟ್ಟ ಹೋಯಿತು. 4 ಮಿಲಿಮೀಟರ್‌ನಲ್ಲಿ ಸೋತಿದ್ದು, ಇರಲಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಬೆರೆತಿವೆ. ಒಂದು, ಅಲ್ಲಿ ಕಂಡಿತಾ? ಅದಕ್ಕೆ ಫೋಟೋ, ತಾರೀಖು, ಜಾಗ ಇದ್ದರೆ ಸಾಕು. ಇನ್ನೊಂದು, ಅದು ಅಲ್ಲಿ ವಾಸ ಇದೆಯಾ? ಇದು ಕಷ್ಟದ ಪ್ರಶ್ನೆ. ಬರ್ಡ್‌ವಿಂಗ್ ಗಟ್ಟಿ ರೆಕ್ಕೆಯ ಚಿಟ್ಟೆ, ಗಾಳಿ ಹಿಡಿದರೆ ದೂರ ಹೋಗುತ್ತದೆ. ಒಂದು ಗಂಡು ದಾರಿ ತಪ್ಪಿ ನಿಮ್ಮ ಬೇಲಿಗೆ ಬಂದಿರಬಹುದು, ಮಾರನೇ ದಿನ ಇನ್ನೆಲ್ಲೋ. ವಾಸ ಇದೆ ಅನ್ನೋಕೆ ಮೊಟ್ಟೆ, ಹುಳು, ಪೊರೆಹುಳು ಇವುಗಳಲ್ಲಿ ಏನಾದರೂ ಸಿಗಬೇಕು. ಅದರ ಹುಳು ಸಿಕ್ಕಿದ್ದನ್ನೆಲ್ಲ ತಿನ್ನೋದಿಲ್ಲ, ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ನೆಂಟ ಗಿಡಗಳು ಮಾತ್ರ ಬೇಕು. ಆ ಬಳ್ಳಿಯ ವಿಷ ಮೈಯಲ್ಲಿ ಸೇರಿಕೊಳ್ಳೋದರಿಂದ ಹಕ್ಕಿಗಳು ಮುಟ್ಟೋದಿಲ್ಲ.

ಹಾಗಾಗಿ ಈಗ ಹುಡುಕಬೇಕಾದ್ದು ಚಿಟ್ಟೆಯನ್ನಲ್ಲ, ಬಳ್ಳಿಯನ್ನು. ನಿಮ್ಮ ಬೇಲಿ, ನಾಲೆ ದಡ, ಹಳೇ ದೇವಸ್ಥಾನದ ಸುತ್ತ ನೋಡಿ. ಇನ್ನೊಂದು ಮಾತು, ಸಿಟಿ ನರ್ಸರಿಗಳಲ್ಲಿ ಈಶ್ವರಿ ಬಳ್ಳಿ ಜಾತಿಯ ದೊಡ್ಡ ಹೂವಿನ ವಿದೇಶಿ ಬಳ್ಳಿ ಮಾರುತ್ತಾರೆ, ಚಿಟ್ಟೆಗೆ ಅಂತ ಅದನ್ನು ತಂದು ಹಾಕಬೇಡಿ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಅಂಥದ್ದೇ ಬಳ್ಳಿಯ ಮೇಲೆ ಮೊಟ್ಟೆ ಇಟ್ಟು, ಹುಳುಗಳು ಎಲೆ ತಿಂದು ಸತ್ತವು.

ಫೋಟೋವನ್ನು ಐನ್ಯಾಚುರಲಿಸ್ಟ್‌ಗೆ ಹಾಕಿ, ಕಂಡ ಜೀವಿಗಳನ್ನು ಯಾರು ಬೇಕಾದರೂ ದಾಖಲಿಸುವ ತಾಣ ಅದು. ಚಿಟ್ಟೆಗೇ ಅಂತ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಅವರ ತಂಡ ನಡೆಸುವ ಬಟರ್‌ಫ್ಲೈಸ್ ಆಫ್ ಇಂಡಿಯಾ ತಾಣವೂ ಇದೆ. ಮೊದಲು ಅಲ್ಲಿನ ಮ್ಯಾಪ್ ನೋಡಿ. ಆದರೆ ಮ್ಯಾಪಲ್ಲಿ ನಿಮ್ಮ ತಾಲೂಕು ಖಾಲಿ ಇದ್ದರೆ ಚಿಟ್ಟೆ ಇಲ್ಲ ಅಂತ ಅರ್ಥ ಅಲ್ಲ. ಅಲ್ಲಿಂದ ಯಾರೂ ಫೋಟೋ ಹಾಕಿಲ್ಲ ಅಂತ ಅಷ್ಟೇ.

ಜೋಳದ_ಹೊಲ

ನಿಮ್ಮದು ಚಂದದ ಚಿಟ್ಟೆ, ಖುಷಿ ಪಡಿ. ನಮ್ಮ ಕಡೆ ಹೊಸದು ಬಂದಾಗ ಅಳೋದೇ ಆಗಿತ್ತು. ನಾನು ಶಿವಮೊಗ್ಗ ಜಿಲ್ಲೆ, ಮೆಕ್ಕೆಜೋಳ ಬೆಳೆಯೋರು. 2018ರಲ್ಲಿ ಸುಳಿಯೊಳಗೆ ಹುಳು, ಎಲೆ ತುಂಬ ತೂತು, ಮರದ ಹೊಟ್ಟಿನ ಹಾಗೆ ಹಿಕ್ಕೆ. ನಾವೆಲ್ಲ ಮಾಮೂಲಿ ಸೈನಿಕ ಹುಳು ಅಂದುಕೊಂಡು ಮಾಮೂಲಿ ಔಷಧಿ ಹೊಡೆದೆವು. ಹುಳು ಸುಳಿ ಒಳಗೆ ಕೂತಿದ್ದರೆ ಮೇಲಿಂದ ಹೊಡೆದದ್ದು ಎಲ್ಲಿ ತಾಗುತ್ತೆ? ಅದು ಅಮೆರಿಕ ಖಂಡದಿಂದ ಬಂದ ಫಾಲ್ ಸೈನಿಕ ಹುಳು ಅಂತ ಆಮೇಲೆ ಗೊತ್ತಾಯಿತು. ಭಾರತದಲ್ಲಿ ಅದರ ಮೊದಲ ದಾಖಲೆ ನಮ್ಮ ಶಿವಮೊಗ್ಗದ್ದೇ, 2018ರ ಮೇ ತಿಂಗಳಲ್ಲಿ, ಇಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಗುರುತು ಹಿಡಿದದ್ದು. ಅದಕ್ಕೆ ಎರಡು ವರ್ಷ ಮೊದಲು, 2016ರಲ್ಲಿ, ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ನಮ್ಮಲ್ಲಿ ಕಂಡ ಮುಂದಿನ ವರ್ಷವೇ ಚೀನಾ ತಲುಪಿತು.

ಗುರುತು ಸುಲಭ. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ 4 ಕಪ್ಪು ಚುಕ್ಕೆ. ಈಗ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಆದರೆ ಮೊದಲ ದಿನ ಯಾರಾದರೂ "ಇದು ದಿನಾ ನೋಡೋ ಹುಳು ಅಲ್ಲ" ಅಂತ ಅನುಮಾನ ಪಡಬೇಕಲ್ಲ, ಅದೇ ಕಷ್ಟ.

ಬೇಗ ಗುರುತು ಸಿಕ್ಕಿದರೆ ಲಾಭವೂ ಇದೆ. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಲ್ಲಿ ಕಂಡಿತು. ಹಿಪ್ಪುನೇರಳೆಯನ್ನೂ ಬಿಡಲಿಲ್ಲ ಅದು. ಯಾವ ಜಾತಿ, ಮೂಲ ಎಲ್ಲಿ ಅಂತ ಗೊತ್ತಾಗಿದ್ದಕ್ಕೆ 2010ರಲ್ಲಿ ಪೋರ್ಟೊ ರಿಕೊದಿಂದ ಅದರ ಶತ್ರು ಕಣಜವನ್ನು ಬೆಂಗಳೂರಿಗೆ ತರಿಸಿ ಬಿಟ್ಟರು, ಹತೋಟಿಗೆ ಬಂತು. ತಪ್ಪು ಹೆಸರು ಇಟ್ಟುಕೊಂಡಿದ್ದರೆ ತಪ್ಪು ಕಣಜ ತರಿಸುತ್ತಿದ್ದರು, ಅಲ್ವಾ?

ಹಳೇ_ಲೇಬಲ್

ವಾಟ್ಸಾಪ್‌ನಲ್ಲಿ ನಿಮ್ಮನ್ನು ಅನುಮಾನಿಸಿದವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರ ಮಾತಿನ ಧಾಟಿ ಸರಿ ಇಲ್ಲ, ಆದರೆ ಪ್ರಶ್ನೆ ಸರಿ ಇದೆ. ಜಾಗ ಸುಳ್ಳಾದರೆ ಏನಾಗುತ್ತೆ ಅನ್ನೋದಕ್ಕೆ ಫಾರೆಸ್ಟ್ ಔಲೆಟ್ ಅನ್ನೋ ಪುಟ್ಟ ಗೂಬೆಯ ಕಥೆ ಕೇಳಿ.

ಮಧ್ಯ ಭಾರತದ ಈ ಗೂಬೆ 1884ರ ನಂತರ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಒಬ್ಬರನ್ನು ಬಿಟ್ಟು. ರಿಚರ್ಡ್ ಮೈನರ್ಟ್ಸ್‌ಹಾಗನ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ, 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಒಂದನ್ನು ಹೊಡೆದೆ ಅಂತ ಲೇಬಲ್ ಬರೆದಿಟ್ಟಿದ್ದ. ದೊಡ್ಡ ಮನುಷ್ಯ, ಯಾರು ಕೇಳಬೇಕು? ಅದನ್ನು ನಂಬಿ ಜನ ಆ ಕಡೆಯೂ ಹುಡುಕಿದರು, ಸಿಗಲಿಲ್ಲ. ಪಮೇಲಾ ರಾಸ್‌ಮುಸನ್ ಮತ್ತು ನೈಜೆಲ್ ಕಾಲರ್ ಅನ್ನೋ ಪಕ್ಷಿತಜ್ಞರು ಕೂತು ಆ ಗೂಬೆಯನ್ನು ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಅದು 1880ರ ದಶಕದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದ್ದ ಗೂಬೆ. ಮ್ಯೂಸಿಯಂನಿಂದ ಕದ್ದು, ಹೊಲಿಗೆ ಬಿಚ್ಚಿ, ಹೊಸದಾಗಿ ತುಂಬಿ, ಸುಳ್ಳು ಲೇಬಲ್ ಕಟ್ಟಿದ್ದು! ಆ ಲೇಬಲನ್ನು ಪಕ್ಕಕ್ಕಿಟ್ಟು ನಿಜವಾದ ಹಳೇ ಜಾಗಗಳ ಕಡೆ ಹೋದರು. 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಸಿಕ್ಕಿತು, 113 ವರ್ಷಗಳ ಮೇಲೆ, ಹಗಲಲ್ಲೇ ಕೊಂಬೆ ಮೇಲೆ ಕೂತಿತ್ತು.

ಅದಕ್ಕೇ ಹೇಳೋದು, ಮೂಲ ಫೋಟೋ ಅಳಿಸಬೇಡಿ. ವಾಟ್ಸಾಪ್‌ಗೆ ಹೋದ ಫೋಟೋದಲ್ಲಿ ಸಮಯ, ಲೊಕೇಶನ್ ಎಲ್ಲ ಅಳಿಸಿ ಹೋಗುತ್ತೆ. ಮಸುಕಾದ 3 ಫೋಟೋನೂ ಇಟ್ಟುಕೊಳ್ಳಿ, ಒಂದರ ಹಿಂದೆ ಒಂದು ತೆಗೆದದ್ದು, ಹಿನ್ನೆಲೆಯಲ್ಲಿ ನಿಮ್ಮ ಅಡಿಕೆ ಮರ, ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ?

ಕಾವೇರಿ_ಕಣಿವೆ

ಪುಸ್ತಕದಲ್ಲಿ ಇಲ್ಲ ಅಂದರೆ ಇಲ್ಲ ಅಂತ ಅಲ್ಲ ಅನ್ನೋದಕ್ಕೆ ನಮ್ಮ ಕಡೆಯ ಉದಾಹರಣೆ ತರಕರಡಿ, ಇಂಗ್ಲಿಷಲ್ಲಿ ಹನಿ ಬ್ಯಾಡ್ಜರ್. ನಮ್ಮಜ್ಜ ಹೇಳುತ್ತಿದ್ದರು, ರಾತ್ರಿ ಬರುತ್ತೆ, ಬೆನ್ನು ಬೆಳ್ಳಗೆ ಹೊಟ್ಟೆ ಕಪ್ಪಗೆ, ಯಾವುದಕ್ಕೂ ಹೆದರಲ್ಲ ಅಂತ. ನಾವು ಕಟ್ಟುಕಥೆ ಅಂತ ನಗುತ್ತಿದ್ದೆವು. ಆಮೇಲೆ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರ ತಂಡದ ಕ್ಯಾಮೆರಾಗಳಲ್ಲಿ ಕಾವೇರಿ ವನ್ಯಧಾಮದಲ್ಲೇ ಅದರ ಫೋಟೋ ಬಿತ್ತು, 2014ರಲ್ಲಿ ವರದಿ ಪ್ರಕಟವಾಯಿತು, ಕರ್ನಾಟಕದಲ್ಲಿ ತರಕರಡಿ ಇದೆ ಅನ್ನೋದಕ್ಕೆ ಮೊದಲ ಫೋಟೋ ಸಾಕ್ಷಿ ಅದು. ಅಜ್ಜ ಅಷ್ಟರಲ್ಲಿ ತೀರಿಹೋಗಿದ್ದರು.

ಊರಲ್ಲಿ ವಯಸ್ಸಾದವರನ್ನು ಒಂದು ಸಲ ಕೇಳಿ ನೋಡಿ ತಮ್ಮಾ.

ಗಿಡಗಂಟಿ_ಅಕ್ಕ

ನಾನು ಚಿಟ್ಟೆಯವಳಲ್ಲ, ಗಿಡದವಳು. ಹಾಸನದಲ್ಲಿ ಬಾಟನಿ ಪಾಠ ಮಾಡುತ್ತಿದ್ದೆ. ಬಳ್ಳಿ ಸಿಕ್ಕಿದರೆ ಅದನ್ನೂ ದಾಖಲಿಸಿ. ಚಿಟ್ಟೆ ಹಾರಿಹೋಗುತ್ತೆ, ಬಳ್ಳಿ ಅಲ್ಲೇ ಇರುತ್ತೆ, ಅನುಮಾನ ಇರುವವರು ಬಂದು ನೋಡಬಹುದು. ಬರೀ ಎಲೆಯ ಫೋಟೋ ಪ್ರಯೋಜನ ಇಲ್ಲ, ಹೂವು ಅಥವಾ ಕಾಯಿ ಬೇಕು. ಈಶ್ವರಿ ಬಳ್ಳಿಯ ಒಣಕಾಯಿ ಒಡೆದರೆ ದಾರಕ್ಕೆ ನೇತುಹಾಕಿದ ಪುಟ್ಟ ಬುಟ್ಟಿಯ ಹಾಗೆ ಕಾಣುತ್ತೆ, ಒಂದು ಸಲ ನೋಡಿದರೆ ಮರೆಯಲ್ಲ. ಒಂದು ಸಣ್ಣ ರೆಂಬೆಯನ್ನು ಹಳೇ ಪೇಪರ್ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಿ, ದಿನಾ ಪೇಪರ್ ಬದಲಾಯಿಸಿ. ಜೊತೆಗೆ ಚೀಟಿ: ಊರು, ತಾರೀಖು, ಯಾವ ಮಣ್ಣು, ಹೂವಿನ ಬಣ್ಣ. ಬಣ್ಣ ಯಾಕೆ ಅಂದರೆ ಒಣಗಿದ ಮೇಲೆ ಎಲ್ಲಾ ಕಂದು.

ಗಿಡಗಳನ್ನೆಲ್ಲ ಹೀಗೆ ದಾಖಲಿಸಿಟ್ಟ ಭಾಗ್ಯ ನಮ್ಮ ಜಿಲ್ಲೆಗೆ ಮೊದಲೇ ಇತ್ತು. ಸಸ್ಯತಜ್ಞ ಫಾದರ್ ಸಲ್ಡಾನಾ ಅವರು ನಿಕೋಲ್ಸನ್ ಜೊತೆ ಸೇರಿ ಮಾಡಿದ ಹಾಸನ ಜಿಲ್ಲೆಯ ಸಸ್ಯಗಳ ಪುಸ್ತಕ 1976ರಲ್ಲೇ ಬಂತು. ಹಾಗಾಗಿ ಇಲ್ಲಿ ಯಾವುದಾದರೂ ಗಿಡ "ಹೊಸದು" ಅಂದರೆ ತಾಳೆ ನೋಡೋಕೆ ಒಂದು ಪಟ್ಟಿ ಇದೆ. ಪಟ್ಟಿಯೇ ಇಲ್ಲದ ಊರಲ್ಲಿ ಹೊಸದು ಯಾವುದು, ಹಳೆಯದು ಯಾವುದು ಅಂತ ಹೇಗೆ ಹೇಳ್ತೀರಿ? ಕಾಂಗ್ರೆಸ್ ಗಿಡವನ್ನೇ ನೋಡಿ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡದ್ದು ಗೊತ್ತು, ನಮ್ಮೂರಿಗೆ ಯಾವ ವರ್ಷ ಬಂತು ಅಂತ ಯಾರೂ ಬರೆದಿಡಲಿಲ್ಲ. ಈಗ ಊರೆಲ್ಲಾ ಅದೇ.

ಬಯಲುಸೀಮೆ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಅಪ್ಪನ ಜೊತೆ ನಾಲೆ ಉದ್ದಕ್ಕೂ ಹುಡುಕಿದೆ. ಅಪ್ಪನಿಗೆ ಬಳ್ಳಿ ಗೊತ್ತಿತ್ತು! ಹಾವು ಕಚ್ಚಿದರೆ ನಾಟಿ ವೈದ್ಯರು ಅದರ ಬೇರು ಕೊಡುತ್ತಿದ್ದರಂತೆ. (ನಾನಂತೂ ಆಸ್ಪತ್ರೆಗೇ ಹೋಗ್ತೀನಿ.) ನಮ್ಮ ಬೇಲಿಯ ಇನ್ನೊಂದು ತುದಿಯಲ್ಲೇ ಇದೆ. ಅದರ ಮೇಲೆ 3 ಹುಳು ಸಿಕ್ಕಿವೆ, ಕೆಂಗಂದು ಬಣ್ಣ, ಮೈ ತುಂಬ ಮೆತ್ತನೆ ಮುಳ್ಳು, ನಡುವೆ ಬಿಳಿ ಪಟ್ಟಿ. ಫೋಟೋ ಹಾಕಿದ್ದೀನಿ. ಇದೇನಾ ಬರ್ಡ್‌ವಿಂಗ್ ಹುಳು?

ಘಟ್ಟದಂಚು

ಅಯ್ಯೋ, ಮೇಲಿಂದ ತೆಗೆದಿದ್ದೀರಲ್ಲ! ತೊಂದರೆ ಏನಂದರೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಅನ್ನೋ ಬಯಲುಸೀಮೆಯ ಮಾಮೂಲಿ ಚಿಟ್ಟೆಗಳೂ ಇದೇ ಬಳ್ಳಿಯ ಮೇಲೆ ಬೆಳೆಯುತ್ತವೆ, ಹುಳುಗಳೂ ಹೆಚ್ಚು ಕಡಿಮೆ ಹೀಗೇ. ಕಾಮನ್ ರೋಸ್‌ನಲ್ಲಿ ಬಿಳಿ ಪಟ್ಟಿ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಅಡ್ಡಕ್ಕೆ ಇರುತ್ತೆ, ಬರ್ಡ್‌ವಿಂಗ್‌ನಲ್ಲಿ ಪಕ್ಕದಲ್ಲಿ ಓರೆಯಾಗಿ ಇಳಿದಿರುತ್ತೆ. ನನ್ನ ಅಂದಾಜು ಕಾಮನ್ ರೋಸ್, ಆದರೆ ಈ ಫೋಟೋದಲ್ಲಿ ಖಚಿತವಾಗಿ ಹೇಳೋಕಾಗಲ್ಲ. ಪಕ್ಕದಿಂದ ತೆಗೆಯಿರಿ, ಜೊತೆಗೆ ಒಂದು ಸ್ಕೇಲ್ ಇಟ್ಟುಕೊಳ್ಳಿ. ಹುಳು ಮುಟ್ಟಬೇಡಿ, ಬಳ್ಳಿ ಕೀಳಬೇಡಿ.

ಬಯಲುಸೀಮೆ_ಹುಡುಗ

ಸರಿ ಸರ್, ನಾಳೆ ಬೆಳಿಗ್ಗೆ ಮತ್ತೆ ಹೋಗ್ತೀನಿ. ಚಿಟ್ಟೆ ಫೋಟೋ ಐನ್ಯಾಚುರಲಿಸ್ಟ್‌ಗೆ ಹಾಕಿದ್ದಾಯಿತು. ಅಪ್ಪ ಈ ವಾರ ಬೇಲಿ ಸವರಿಸೋಕೆ ಆಳು ಹೇಳಿದ್ದರು, ಆ ತುದಿ ಒಂದನ್ನು ಬಿಡಿ ಅಂತ ಒಪ್ಪಿಸಿದ್ದೀನಿ.