ಸ್ವಿಫ್ಟ್ ಕಾರಿಗೆ ಬಾಡಿ ಕಿಟ್: ಫೈಬರ್ ಗ್ಲಾಸೋ, ಎಬಿಎಸ್ಸೋ?

ಪ್ರಶ್ನೆ: ನನ್ನ ಸ್ವಿಫ್ಟ್ ಕಾರಿಗೆ ಮುಂಭಾಗದ ಲಿಪ್ (ಬಂಪರಿನ ಕೆಳಅಂಚಿನ ಪಟ್ಟಿ), ಸೈಡ್ ಸ್ಕರ್ಟ್ (ಬಾಗಿಲುಗಳ ಕೆಳಗಿನ ಪಟ್ಟಿ) ಹಾಗೂ ಸ್ಪಾಯ್ಲರ್ (ಹಿಂಬದಿಯ ರೆಕ್ಕೆಯಂಥ ಭಾಗ) ಹಾಕಿಸಬೇಕೆಂದಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಫೈಬರ್ ಗ್ಲಾಸ್, ಎಬಿಎಸ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಎರಡನ್ನೂ ತೋರಿಸುತ್ತಾರೆ. ಯಾವುದು ಒಳ್ಳೆಯದು, ಆರ್‌ಟಿಒ ತಕರಾರು ಬಂದೀತೇ, ದಯವಿಟ್ಟು ತಿಳಿಸಿ.

ಉತ್ತರ 1: ಎಬಿಎಸ್ ಆರಿಸಿಕೊಳ್ಳಿ. ಫೈಬರ್ ಗ್ಲಾಸ್ ಅಗ್ಗವಾಗಿ ಸಿಕ್ಕರೂ ಹಂಪ್‌ಗೆ ತಗುಲಿದರೆ ಸೀಳುತ್ತದೆ, ಅಂಚುಗಳು ಬಂಪರಿಗೆ ಸರಿಯಾಗಿ ಕೂರದೆ ಪುಟ್ಟಿ ಹಚ್ಚಿ ಉಜ್ಜುವ ಕೆಲಸವೇ ಹೆಚ್ಚಾಗುತ್ತದೆ. ಬಣ್ಣ ಹೊಡೆಸುವ ಮೊದಲೇ ಒಮ್ಮೆ ಕೂರಿಸಿ ನೋಡಿರಿ.

ಉತ್ತರ 2: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ, ಆದ್ದರಿಂದ ಕಾರಿನ ಅಗಲವನ್ನೇ ಹೆಚ್ಚಿಸುವ ವೈಡ್‌ಬಾಡಿ ಕಿಟ್‌ನ ಆಸೆಯಿದ್ದರೆ ಬಿಟ್ಟುಬಿಡಿ. ಕಂಪನಿಯದೇ ಆಕ್ಸೆಸರಿಗಳಲ್ಲಿ ಸ್ಕರ್ಟ್, ಸ್ಪಾಯ್ಲರ್ ಸಿಗುತ್ತವೆ. ನನಗಂತೂ ಅದೇ ನಿಶ್ಚಿಂತೆ ಎನ್ನಿಸುತ್ತದೆ.

ಉತ್ತರ 3: ಲಿಪ್‌ಗೆ ಅಂಟುಟೇಪ್ ಮಾತ್ರ ಸಾಲದು, ಕೆಳಗಿನಿಂದ ಸ್ಕ್ರೂ ಹಾಕಿಸಿ.