ದೇವರ ಆಳ್ವಿಕೆ ಬೇರೆ, ಹಣೆಬರಹ ಬೇರೆ ಅಂತ ಮನೆಕೂಟದಾಗ ಹೆಂಗ ಕಲಸೂದು?

ಬೆಟಗೇರಿ ಮನೆಕೂಟ:
ಕರ್ತನಲ್ಲಿ ವಂದನೆಗಳು. ನಮ್ಮ ಮನೆಕೂಟದಾಗ (ಮನ್ಯಾಗ ಸೇರಿ ಬೈಬಲ್ ಓದೋ ಕೂಟ) ನಾಕು ವಾರ ‘ದೇವರ ಸಾರ್ವಭೌಮತ್ವ’ದ ಮ್ಯಾಲ ಪಾಠ ನಡಸೂದೈತಿ. ವಾರಕ್ಕ ಒಂದು ತಾಸು. ಬರೂವರೊಳಗ ಒಣಬೇಸಾಯದವರು ಅದಾರ, ಮಗ್ಗದವರು ಅದಾರ, ಗುತ್ತಿಗಿ ನೌಕರಿ ಮಾಡೋ ಹುಡುಗರೂ ಅದಾರ. ಯಾರಿಗೂ ಮುಂದಿನ ಆರು ತಿಂಗಳದ್ದು ಖಾತ್ರಿ ಇಲ್ಲ. ‘ಎಲ್ಲಾ ದೇವರ ಕೈಯಾಗ ಐತಿ’ ಅಂದ ಕೂಡಲೇ ಅರ್ಧ ಮಂದಿ ‘ಹಣ್ಯಾಗ ಬರದದ್ದು ತಪ್ಪೂದಿಲ್ಲ’ ಅಂತ ಸುಮ್ಮನಾಗ್ತಾರ. ಉಳಿದವರು ‘ಹಂಗಾರ ಮಳಿ ತಡದವನೂ ಅವನ ಏನು?’ ಅಂತ ಕೇಳ್ತಾರ. ಯಾವ ಭಾಗ ಮೊದಲ ತಗೋಬೇಕು, ಎಷ್ಟು ಓದಿಸಬೇಕು, ಹೇಳ್ರಿ.

ಧಾರವಾಡದ ಓದುಗ:
ರೋಮಾಪುರದವರಿಗೆ ಬರೆದ ಪತ್ರದ 8:28ರಿಂದ ಶುರು ಮಾಡಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ, ಪಾಠ ಅಲ್ಲೇ ಕೆಡುತ್ತದೆ. ‘ಎಲ್ಲವೂ ಒಳ್ಳೆಯದಕ್ಕೇ’ ಅಂತ ಮೊದಲ ನಿಮಿಷದಲ್ಲೇ ಹೇಳಿಬಿಟ್ಟರೆ ನೊಂದವರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಆ ವಚನವನ್ನು ನಾಲ್ಕನೇ ವಾರಕ್ಕೆ ಇಡಿ, ಅದೂ 29ನೇ ವಚನದ ಜೊತೆಗೆ. ಅಲ್ಲಿ ‘ಒಳ್ಳೆಯದು’ ಅಂದರೆ ದೇವರ ಮಗನಾದ ಯೇಸುವಿನ ಸಾರೂಪ್ಯ ಹೊಂದುವುದು. ಬೆಳೆಗೆ ಒಳ್ಳೆ ರೇಟು ಸಿಗುತ್ತದೆ ಎಂಬ ಮಾತು ಅಲ್ಲಿಲ್ಲ.

ಮೊದಲ ವಾರ ಕೀರ್ತನೆ 13 ಸಾಕು. ಆರೇ ವಚನ. ಮೊದಲೆರಡು ವಚನದಲ್ಲಿ ‘ಎಷ್ಟರ ತನಕ’ ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ, ನಂತರದ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ಗಟ್ಟಿಯಾಗಿ ಓದಿಸಿ, ಮೊದಲೆರಡು ವಚನದ ನಂತರ ಐದು ನಿಮಿಷ ಸುಮ್ಮನಿರಿ, ತಮ್ಮ ‘ಎಷ್ಟರ ತನಕ’ವನ್ನು ಅವರೇ ಹೇಳಲಿ. ನಡೆಸುವವರು ಅಲ್ಲಿ ಉತ್ತರ ಕೊಡಲು ಹೋಗಬಾರದು. ದೇವರು ಆಳುತ್ತಾನೆ ಎಂದು ನಂಬಿದವನೇ ಅವನ ಹತ್ತಿರ ದೂರು ಒಯ್ಯುವುದು. ಹಣೆಬರಹದ ಮುಂದೆ ಯಾರೂ ದೂರು ಇಡುವುದಿಲ್ಲ, ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಎರಡನೇ ವಾರ ಹಬಕ್ಕೂಕ, ಮೂರೇ ಅಧ್ಯಾಯ. ಪ್ರವಾದಿ ಅನ್ಯಾಯದ ಬಗ್ಗೆ ದೂರು ಕೊಟ್ಟರೆ, ಕಸ್ದೀಯರನ್ನು (ಬಾಬೆಲಿನವರನ್ನು) ಎಬ್ಬಿಸುತ್ತೇನೆ ಎಂಬ ಉತ್ತರ ಬರುತ್ತದೆ (1:6). ಅಂದರೆ ಉತ್ತರ ಕೇಳಿ ಅವನ ಸಂಕಟ ಇನ್ನೂ ಹೆಚ್ಚುತ್ತದೆ, ಅವನು ಮತ್ತೆ ಕೇಳುತ್ತಾನೆ. ಇದನ್ನು ಹಾರಿಸಿ ನೇರ 3:17ಕ್ಕೆ ಹೋದರೆ ಆ ಹಾಡಿಗೆ ತೂಕ ಬರುವುದಿಲ್ಲ. 3:17ರಲ್ಲಿ ಆರು ನಷ್ಟಗಳಿವೆ: ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲದ ಬೆಳೆ, ಕುರಿಹಟ್ಟಿ, ದನದ ಕೊಟ್ಟಿಗೆ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ಅಂಜೂರದ ಜಾಗದಲ್ಲಿ ಜೋಳ, ಹತ್ತಿ, ಉಳ್ಳಾಗಡ್ಡಿ, ಮಗ್ಗದ ಕೂಲಿ, ಏನು ಇದೆಯೋ ಅದನ್ನು ಬರೆಸಿ. ಆಮೇಲೆ ‘ಆದರೂ ದೇವರಲ್ಲಿ ಉಲ್ಲಾಸಿಸುವೆ’ ಎನ್ನುವ 18ನೇ ವಚನ ಓದಿ.

ಹಾವೇರಿ ರೈತ:
ಅಣ್ಣಾರು ಹೇಳಿದ್ದು ಖರೇ. ಆದ್ರ ‘ಹಣ್ಯಾಗ ಬರದದ್ದು’ ಅನ್ನೋರಿಗೆ ಅಪೊಸ್ತಲರ ಕೃತ್ಯಗಳು 27 ಬೇಕ ಬೇಕು. ಮೂರನೇ ವಾರ ಅದನ್ನ ಇಡ್ರಿ. ಬಿರುಗಾಳಿಗೆ ಸಿಕ್ಕ ಪೌಲನ ಹಡಗಿನಾಗ 276 ಮಂದಿ. ಒಬ್ಬರ ಜೀವಕ್ಕೂ ನಷ್ಟ ಆಗೂದಿಲ್ಲ ಅಂತ ದೇವರ ಮಾತು ಪೌಲಗ ಮೊದಲ ಬಂದಿರ್ತದ (22–24). ಹಂಗಂತ ಯಾರೂ ಕೈ ಕಟ್ಟಿ ಕೂಡ್ಲಿಲ್ಲ. ಆಳ ಅಳದು ನೋಡಿದ್ರು, ಮೊದಲ ಇಪ್ಪತ್ತು ಮಾರು, ಆಮ್ಯಾಲ ಹದಿನೈದು. ಹಿಂಭಾಗದಿಂದ ನಾಕು ಲಂಗರ ಬಿಟ್ರು. ನಾವಿಕರು ದೋಣಿ ಇಳಿಸಿ ಓಡಾಕ ನೋಡಿದಾಗ ಅದೇ ಪೌಲ, ಇವರು ಹಡಗಿನಾಗ ಇರದಿದ್ರ ನೀವು ಉಳಿಯೂದಿಲ್ಲ ಅಂದ (31). ಮಂದಿಗೆ ಊಟ ಮಾಡಿಸಿದ, ಉಳಿದ ಗೋದಿ ಸಮುದ್ರಕ್ಕ ಚೆಲ್ಲಿ ಹಡಗ ಹಗುರ ಮಾಡಿದ್ರು. 24ನೇ ವಚನ ಒಂದು ಕೈಯಾಗ, 31 ಇನ್ನೊಂದು ಕೈಯಾಗ ಹಿಡಿಸಿ ‘ಎರಡೂ ಹೆಂಗ ಖರೇ?’ ಅಂತ ಕೇಳ್ರಿ, ತಾಸು ಅಲ್ಲೇ ಹೋಗ್ತದ, ಹೋಗ್ಲಿ.

ಇದನ್ನ ಹೊಲಕ್ಕ ತಂದು ಮುಗಸ್ರಿ. ಫಸಲ್ ಬಿಮಾ (ಬೆಳಿ ವಿಮಾ) ತುಂಬಿದವರು ಆಲಿಕಲ್ಲು ಬಿದ್ದು ಇಲ್ಲಾ ನೀರು ನಿಂತು ಬೆಳಿ ಹಾಳಾದ್ರ 72 ತಾಸಿನೊಳಗ ತಿಳಸಬೇಕು. ‘ದೇವರ ಚಿತ್ತ’ ಅಂತ ನಾಕು ದಿನ ಮನ್ಯಾಗ ಕುಂತ್ರ ಬರೋ ಪರಿಹಾರ ಕೈ ತಪ್ಪತದ. ಪ್ರಾರ್ಥನೆ ಮಾಡ್ರಿ, ಅದೇ ದಿನ ಫೋನೂ ಮಾಡ್ರಿ.

ಹುಬ್ಬಳ್ಳಿಯವರು:
ನಾಲ್ಕನೇ ವಾರ ರೋಮಾಪುರದವರಿಗೆ 8:28ರ ಜೊತೆಗೆ ಯೆರೆಮೀಯ 32 ಇಡಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಪ್ರವಾದಿ ಕಾವಲಿನವರ ಅಂಗಳದಲ್ಲಿ ಸೆರೆ ಇದ್ದಾನೆ. ಆಗ ಕಾಕಾನ ಮಗ ಹನಮೇಲ ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಹೊಲದ ಬೆಲೆ ಬಿದ್ದುಹೋದ ಹೊತ್ತು. ಯೆರೆಮೀಯ 17 ಶೆಕೆಲ್ ಬೆಳ್ಳಿ ತಕ್ಕಡಿಯಲ್ಲಿ ತೂಗಿ ಕೊಟ್ಟ, ಸಾಕ್ಷಿಗಳ ಸಹಿ ಹಾಕಿಸಿದ, ಮುದ್ರೆ ಒತ್ತಿದ್ದೊಂದು ತೆರೆದದ್ದೊಂದು ಎರಡು ಖರೀದಿ ಪತ್ರ ಮಾಡಿಸಿ, ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಉತಾರ, ಖರೀದಿ ಪತ್ರ ಗೊತ್ತಿದ್ದ ನಮ್ಮ ಮಂದಿಗೆ ಇದು ಬೇಗ ಹತ್ತುತ್ತದೆ. ಪತ್ರ ಗಡಿಗೆಗೆ ಹೋದ ಮೇಲೂ ಅವನ ಗೊಂದಲ ಮುಗಿಯುವುದಿಲ್ಲ, 25ನೇ ವಚನ ನೋಡಿ. ಅದನ್ನು ಬಿಡದೆ ಓದಿಸಿ.

ನಮ್ಮ ನೆಲದ್ದೂ ಒಂದು ಮಾತು ಸೇರಿಸಬಹುದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಿಮ್ಮ ಬೆಟಗೇರಿಗೆ 1841ರಲ್ಲಿ ಬಂತು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶ ಬಿಡಿಸಿತು. ಸಭೆಗಳು ಮಾತ್ರ ಇಲ್ಲೇ ಉಳಿದವು.

ಬೆಟಗೇರಿ ಮನೆಕೂಟ:
ಭಾಳ ಉಪಕಾರ ಆತ್ರಿ. ‘ಮಳಿ ತಡದವನೂ ಅವನ ಏನು, ನಾ ಏನು ಪಾಪ ಮಾಡಿದ್ದೆ’ ಅಂದವರಿಗೆ?

ಧಾರವಾಡದ ಓದುಗ:
ಎರಡು ಪ್ರಶ್ನೆ ಇವೆ, ಬಿಡಿಸಿಕೊಳ್ಳಿ. ಮಳೆ ಅವನ ಆಳ್ವಿಕೆಯ ಹೊರಗಿಲ್ಲ. ಇದನ್ನು ಮೆತ್ತಗೆ ಮಾಡಲು ಹೋಗಬೇಡಿ, ಆಳದ ದೇವರ ಹತ್ತಿರ ಬೇಡಿ ಏನು ಫಲ? ಎರಡನೆಯದಕ್ಕೆ ಲೂಕ 13:4–5. ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೇ ಎಂದು ಕೇಳಿ ಯೇಸು ತಾನೇ ‘ಅಲ್ಲ’ ಅಂದ. ಆ ‘ಅಲ್ಲ’ವನ್ನು ಅವರಿಗೆ ಸ್ಪಷ್ಟವಾಗಿ ಹೇಳಿ. ಯಾಕೆ ತಡೆದ ಎಂಬುದಕ್ಕೆ ಯೇಸು ಅಲ್ಲಿ ಕಾರಣ ಕೊಟ್ಟಿಲ್ಲ, ಆದ್ದರಿಂದ ನೀವೂ ಕಟ್ಟಿ ಹೇಳಬೇಡಿ. ಕೂಟ ಮುಗಿದ ಮೇಲೆ ಅವರ ಜೊತೆ ಹೊಲದ ತನಕ ಹೋಗಿ ಬನ್ನಿ.